ಒಂಬತ್ತು ಗಜದ ಚೀಟಿ

ಸಿರುಗುಪ್ಪದ ಹುಡುಗರು ಮೊಬೈಲಿನಲ್ಲಿ ಯಾವುದೋ ಹೊಸ ಇಂಗ್ಲಿಷ್ ಮಾತು ಕಂಡು ತಲೆ ಕೆಡಿಸಿಕೊಂಡರೆ ಗೂಗಲ್ಲನ್ನು ಕೇಳುವುದಿಲ್ಲ. ಕೇಳಿದರೂ ಅದನ್ನು ನಂಬುವುದಿಲ್ಲ. ಬಸ್ ಸ್ಟ್ಯಾಂಡಿನ ಹಿಂದೆ, ಗೊಬ್ಬರದ ಅಂಗಡಿಯ ಮಹಡಿಯಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸು ನಡೆಸುವ ಶಶಿಕಾಂತ್ ಸರ್ ಬಾಯಿಂದ ಬಂದರೆ ಮಾತ್ರ ಅದು ಖರೆ.

"ಸರ್, ಸಸ್ ಅಂದ್ರ ಏನ್ರಿ?"

"ಸಸ್ಪೆಕ್ಟ್ ಐತಲ್ಲ, ಅದರ ಬಾಲ ಕತ್ತರಿಸ್ಯಾರ. ಇವನ ಮ್ಯಾಲೆ ಅನುಮಾನ ಐತಿ ಅಂತ."

"ರಿಜ್ ಅಂದ್ರ?"

"ಕರಿಜ್ಮಾ. ತಲಿ, ಬಾಲ ಎರಡೂ ಬಿಟ್ಟು ನಡುವಿಂದಷ್ಟ ಇಟ್ಕೊಂಡಾರ. ಹುಡುಗಿ ತಿರುಗಿ ನೋಡೋ ಹಂಗ ಮಾತಾಡೋ ತಾಕತ್ತು. ನಿನಗ ಅದು ಬ್ಯಾಡ, ಮೊದಲು ಗ್ರಾಮರ್ ಕಲಿ."

ಕ್ಲಾಸು ನಗುತ್ತದೆ. ಸರ್ ನಗುವುದಿಲ್ಲ. ಮೇಜಿನ ಮೇಲಿರುವ ಗಟ್ಟಿ ರಟ್ಟಿನ ಉದ್ದನೆಯ ನೋಟ್‌ಬುಕ್ ತೆರೆದು ಆ ಮಾತನ್ನು ಬರೆದುಕೊಳ್ಳುತ್ತಾರೆ. ಪ್ರತಿ ಪುಟದಲ್ಲೂ ಸ್ಕೇಲಿಟ್ಟು ಗೀಚಿದ ನಾಲ್ಕು ಕಾಲಂ: ಮಾತು, ಅರ್ಥ, ಹುಟ್ಟಿದ್ದು ಎಲ್ಲಿ, ನಾನು ಓದಿದ್ದು ಎಲ್ಲಿ. ಇಪ್ಪತ್ತೆರಡು ವರ್ಷದಲ್ಲಿ ನಾನೂರ ಹನ್ನೆರಡು ಮಾತು ಸೇರಿವೆ. ಗುಡಿಗೆ ಹೋಗುವುದು ತಪ್ಪಬಹುದು, ನಾಲ್ಕನೇ ಕಾಲಂ ತುಂಬುವುದು ತಪ್ಪಬಾರದು ಎನ್ನುವ ಮನುಷ್ಯ ಅವರು.

ಈ ಹುಚ್ಚು ಹತ್ತಿಸಿದ್ದು ಕುರುಗೋಡಿನ ಹೈಸ್ಕೂಲಿನ ಚಿದಾನಂದಪ್ಪ ಮಾಸ್ತರು. ಶಶಿಕಾಂತ್ ಹುಟ್ಟಿ ಬೆಳೆದದ್ದು ಅಲ್ಲಿ. ಹುಡುಗರು ಎಂಥ ಸರಿ ಉತ್ತರ ಹೇಳಿದರೂ ಮಾಸ್ತರು ಕನ್ನಡಕದ ಮೇಲಿಂದ ನೋಡಿ ಒಂದೇ ಮಾತು ಕೇಳುತ್ತಿದ್ದರು: "ಎಲ್ಲಿ ಓದೀಯಲೇ?" ಒಮ್ಮೆ ಶಶಿಕಾಂತ್ ಊಹಿಸಿ ಹೇಳಿದ ಉತ್ತರ ಸರಿಯಾಗಿಬಿಟ್ಟಿತು. ಎಲ್ಲಿಯೂ ಓದಿಲ್ಲ ಎಂದದ್ದಕ್ಕೆ ಮಾಸ್ತರು ಆ ಪೀರಿಯಡ್ ಪೂರ್ತಿ ನಿಲ್ಲಿಸಿದರು. ತಪ್ಪು ಹೇಳಿದವರೆಲ್ಲ ಆರಾಮಾಗಿ ಕೂತಿದ್ದರು, ಸರಿ ಹೇಳಿದವನು ನಿಂತಿದ್ದ. ಅವತ್ತು ಹುಡುಗನಿಗೆ ಅಳು ಬಂದಿತ್ತು. ಮುಂದೆ ಅದೇ ಪ್ರಶ್ನೆಯನ್ನು ತಾನೂ ಮೇಷ್ಟ್ರಾಗಿ ಸಾವಿರ ಸಲ ಕೇಳಿದ.

ಇಂಥ ಮನುಷ್ಯ ಸುಳ್ಳು ಹೇಳಿದ ಎಂದರೆ ಯಾರೂ ನಂಬಲಿಕ್ಕಿಲ್ಲ. ಹೇಳಿದ್ದು ಖರೆ. ಅದೂ ಒಂದೇ ಒಂದು. ಆದರೆ ಆ ಒಂದು ಸುಳ್ಳು ಐದು ವರ್ಷ ಅವರ ಕುತ್ತಿಗೆ ಹಿಡಿದುಕೊಂಡೇ ಕೂತಿತ್ತು.

ಬಳ್ಳಾರಿಯ ಸಣ್ಣ ದಿನಪತ್ರಿಕೆಯೊಂದರಲ್ಲಿ ಪ್ರತಿ ಶುಕ್ರವಾರ 'ಬಾಯಿಮಾತಿನ ಇಂಗ್ಲಿಷ್' ಎಂದು ಅವರ ಅಂಕಣ ಬರುತ್ತಿತ್ತು. ಇಂಗ್ಲೆಂಡಿನವರು ಆರಾಮದ ಕೆಲಸಕ್ಕೆ ಕುಶಿ ಎನ್ನುವುದು ನಮ್ಮ ಖುಷಿಯಿಂದ, ಒಂದು ಸಲ ನೋಡು ಎನ್ನಲು ಡೆಕ್ಕೊ ಎನ್ನುವುದು ನಮ್ಮ ದೇಖೋದಿಂದ, ಡಂಗರೀಸ್ ಎಂಬ ಒರಟು ಪ್ಯಾಂಟು ಮುಂಬೈಯ ಡೋಂಗ್ರಿಯಿಂದ ಎಂದೆಲ್ಲ ಬರೆದರು. ಡಂಗರೀಸ್ ಬಗ್ಗೆ ಬಂದದ್ದನ್ನು ಬಳ್ಳಾರಿಯ ಜೀನ್ಸ್ ಹೊಲಿಯುವ ಯೂನಿಟ್ಟುಗಳವರು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡರು. ಮುಂದಿನ ವಾರ ಬಂದದ್ದು ಡೂಲಾಲಿ. ಬ್ರಿಟಿಷ್ ಸಿಪಾಯಿಗಳು ನೌಕರಿ ಮುಗಿಸಿ ನಾಸಿಕದ ಬಳಿಯ ದೇವಲಾಲಿ ದಂಡಿನಲ್ಲಿ ತಮ್ಮ ಹಡಗಿಗೆ ಕಾಯುತ್ತಿದ್ದರು. ಮಾಡಲು ಕೆಲಸವಿಲ್ಲ, ಹೋಗಲು ಹಡಗಿಲ್ಲ, ಮೇಲೆ ಬಿಸಿಲು. ಕಾದು ಕಾದು ಕೆಲವರಿಗೆ ತಲೆ ತಿರುಗುತ್ತಿತ್ತು. ಅವತ್ತಿನಿಂದ ತಲೆಕೆಟ್ಟವನಿಗೆ ಇಂಗ್ಲಿಷಿನಲ್ಲಿ ಡೂಲಾಲಿ ಎಂದು ಹೆಸರಾಯಿತು.

ಅದು ಅಚ್ಚಾದ ಮೇಲೆ ಪತ್ರಿಕೆಯ ಸಂಪಾದಕ ಶೇಖರ್ ಫೋನ್ ಮಾಡಿದ. "ಸರ್, ಮುಂಬೈಕ್ಕ ಒಂದು ಮಾತು ಸಿಕ್ತು, ನಾಸಿಕಕ್ಕ ಒಂದು ಸಿಕ್ತು. ನಮ್ಮ ಬಳ್ಳಾರ್ಯಾಗೂ ದಂಡು ಇತ್ತಲ್ರಿ? ಕೌಲ್ ಬಜಾರ್ ದಂಡಿನ ಬಜಾರಲ್ಲೇನ್ರಿ? ನಮ್ಮದೊಂದು ಮಾತೂ ಇಲ್ಲ ಅಂದ್ರ ಮರ್ಯಾದಿ ಪ್ರಶ್ನೆ. ಈ ವಾರ ಅದನ್ನ ಬರೀರಿ."

ಬಳ್ಳಾರಿಯ ಮಾತು ಇಲ್ಲ ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಶಶಿಕಾಂತರಿಗೆ ಗೊತ್ತಿಲ್ಲ ಎಂದು ಹೇಳಿ ಅಭ್ಯಾಸವೇ ಇರಲಿಲ್ಲ. ಗುರುವಾರ ಮಧ್ಯಾಹ್ನದವರೆಗೆ ಹುಡುಕಿದರು, ಏನೂ ಸಿಗಲಿಲ್ಲ. ಕೊನೆಗೆ ಕಣ್ಣಿಗೆ ಬಿದ್ದದ್ದು 'ದ ಹೋಲ್ ನೈನ್ ಯಾರ್ಡ್ಸ್'. ಒಂಬತ್ತು ಗಜವೂ ಪೂರ್ತಿ, ಅಂದರೆ ಒಂದೂ ಬಿಡದಂತೆ ಇದ್ದಷ್ಟೂ ಎಂದು ಅರ್ಥ. ಸುಮಾರು ನೂರಹದಿನೈದು ವರ್ಷದ ಹಿಂದೆ ಅಮೆರಿಕದ ಊರ ಪತ್ರಿಕೆಗಳಲ್ಲಿ ಇಂಥ ಮಾತು ಕಾಣಿಸಿಕೊಂಡಿತಂತೆ. ಯಾವ ಒಂಬತ್ತು ಗಜ, ಯಾಕೆ ಒಂಬತ್ತೇ ಎನ್ನುವುದನ್ನು ಇವತ್ತಿನವರೆಗೂ ಯಾರೂ ಖಾತ್ರಿಯಾಗಿ ಹೇಳಿಲ್ಲ. ಅಂದರೆ ಯಾರಪ್ಪನ ಮನೆಯ ಆಸ್ತಿಯೂ ಅಲ್ಲ! ಸರ್ ಪೆನ್ನು ತೆಗೆದು ನಲವತ್ತು ನಿಮಿಷದಲ್ಲಿ ಬರೆದು ಮುಗಿಸಿದರು.

1868ರ ಬೇಸಿಗೆ. ದಂಡಿನ ಸಾರ್ಜೆಂಟನೊಬ್ಬ ಹೆಂಡತಿಗೆಂದು ಕೌಲ್ ಬಜಾರಿನ ಅಂಗಡಿಯಿಂದ ಒಂಬತ್ತು ಗಜದ ಸೀರೆ ತರಿಸಿದ. ಅಂಗಡಿಯವನು ಮೋಸ ಮಾಡಿ ಎಂಟೇ ಗಜ ಕತ್ತರಿಸಿ ಕಳಿಸಿದ. ಸಾರ್ಜೆಂಟ್ ಸಿಟ್ಟಿಗೆದ್ದು ಚೀಟಿ ಬರೆದ: ಒಂಬತ್ತು ಗಜವೂ ಪೂರ್ತಿ ಕಳಿಸು. ದಂಡಿನಲ್ಲಿ ಅದೇ ತಮಾಷೆಯ ಮಾತಾಗಿ, ಹಡಗು ಹತ್ತಿ ಲೋಕವೆಲ್ಲ ತಿರುಗಿತು. ಇಷ್ಟಕ್ಕೇ ನಿಲ್ಲಿಸಿದ್ದರೂ ಕಥೆ ಎನ್ನಬಹುದಿತ್ತು. ಕೊನೆಯಲ್ಲಿ ಅವರು ಇನ್ನೊಂದು ಸಾಲು ಸೇರಿಸಿದರು: 'ಆ ಚೀಟಿಯನ್ನು ಕೌಲ್ ಬಜಾರಿನ ಹಳೆಯ ಬಟ್ಟೆ ಅಂಗಡಿಯೊಂದರಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ.'

ನೋಟ್‌ಬುಕ್ಕಿನಲ್ಲೂ ಬರೆದುಕೊಂಡರು. ಮಾತು, ಅರ್ಥ, ಹುಟ್ಟಿದ್ದು ಎಲ್ಲಿ. ನಾಲ್ಕನೇ ಕಾಲಂಗೆ ಬಂದಾಗ ಕೈ ಏಳಲಿಲ್ಲ. ಪತ್ರಿಕೆಗೆ ಸುಳ್ಳು ಬರೆದ ಕೈ ಆ ಹಳೇ ನೋಟ್‌ಬುಕ್ಕಿಗೆ ಬರೆಯಲು ಹೆದರಿತು. ಆ ಮನೆ ಖಾಲಿಯಾಗಿಯೇ ಉಳಿಯಿತು.

ಶುಕ್ರವಾರ ಬೆಳಿಗ್ಗೆ ಸರ್ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಿನ್ನುತ್ತ ಕೂತಿದ್ದಾಗ ಹೆಂಡತಿ ಗಂಗೋತ್ರಿ ಪತ್ರಿಕೆ ಓದಿದಳು. ಮನೆಯಲ್ಲಿ ಬ್ಲೌಸ್ ಹೊಲಿದು, ಸೀರೆಗೆ ಫಾಲ್ ಹಚ್ಚಿ ಕೊಡುವವಳು ಅವಳು. ಓದಿ ಮುಗಿಸಿ, ಬಾಯಲ್ಲಿದ್ದ ಸೂಜಿ ತೆಗೆದು ಕೇಳಿದಳು.

"ರೀ, ಸೀರಿ ಯಾರು ಕತ್ತರಿಸಿ ಮಾರ್ತಾರ?"

"ಅಂದ್ರ?"

"ಅದೇನು ಲಂಗದ ಬಟ್ಟೀನ್ರಿ, ಅಳದು ಕತ್ತರಿಸಾಕ? ಸೀರಿ ಮಗ್ಗದ ಮ್ಯಾಲೆ ಪೂರ್ತಿ ನೇದ ಬರ್ತೈತಿ. ಒಂದು ಕಡಿ ಸೆರಗು. ಒಂದು ಗಜ ಕತ್ತರಿಸಿದ್ರ ಸೆರಗ ಹೋತು. ಅದನ್ನ ಯಾರು ಕಳಸ್ತಾರ, ಯಾರು ಉಡ್ತಾರ? ಆ ಸಾರ್ಜೆಂಟಗ ಗೊತ್ತಿರಲಿಕ್ಕಿಲ್ಲ. ಅಂಗಡ್ಯಾವಗೂ ಗೊತ್ತಿರಲಿಲ್ಲೇನು?"

ಸರ್ ಕಚ್ಚಿದ ಮಿರ್ಚಿಯನ್ನು ತಟ್ಟೆಗೇ ಇಟ್ಟರು. ಲೋಕದ ಇಂಗ್ಲಿಷೆಲ್ಲ ಓದಿದ ಗಂಡಸು, ಮನೆಯಲ್ಲಿ ದಿನಾ ಕಾಣುವ ಸೀರೆಯನ್ನು ಒಂದು ದಿನವೂ ಬಿಚ್ಚಿ ನೋಡಿರಲಿಲ್ಲ. ಗಂಗೋತ್ರಿ ಗಂಡನ ಮುಖ ನೋಡಿದಳು. ಎಲ್ಲ ಗೊತ್ತಾಯಿತು.

ಮುಂದಿನ ಶುಕ್ರವಾರ ತಿದ್ದುಪಡಿ ಹಾಕಿಸಿದರಾಯಿತು ಎಂದುಕೊಂಡರು. ಅಷ್ಟರಲ್ಲಿ ಫೋನುಗಳು ಶುರುವಾದವು. ಬಳ್ಳಾರಿಯ ವಕೀಲರು, ಡಾಕ್ಟರು, ನಿವೃತ್ತ ತಹಶೀಲ್ದಾರರು, ಯಾರಿಗೆ ನೋಡಿದರೂ ಎದೆ ಉಬ್ಬಿತ್ತು. ಒಬ್ಬರಾದರೂ ಚೀಟಿ ಎಲ್ಲಿದೆ ಎಂದು ಕೇಳಲಿಲ್ಲ. ತಿಂಗಳು ಕಳೆಯುವುದರೊಳಗೆ ಕೌಲ್ ಬಜಾರಿನ ಪ್ರಭುಲಿಂಗ ಶಾಲು ಹಾರ ಹಿಡಿದು ಸಿರುಗುಪ್ಪಕ್ಕೇ ಬಂದ. ತಾತನ ಕಾಲದ ಸೀರೆ ಅಂಗಡಿ ಮುಚ್ಚಿ ಜೀನ್ಸ್ ಹೊಲಿಸುತ್ತಿದ್ದವನು. ಆ ಹಳೆಯ ಅಂಗಡಿ ತನ್ನದೇ ಎಂದು ಅವನೇ ತೀರ್ಮಾನಿಸಿಕೊಂಡಿದ್ದ. ಯೂನಿಟ್ಟಿಗೆ 'ನೈನ್ ಯಾರ್ಡ್ಸ್ ಜೀನ್ಸ್' ಎಂದು ಹೆಸರಿಟ್ಟ. ಪ್ರತಿ ಪ್ಯಾಂಟಿನ ಹಿಂದೆ ಸೊಂಟಪಟ್ಟಿಗೆ ಚರ್ಮದ ಲೇಬಲ್ಲು: 'ಕೌಲ್ ಬಜಾರ್, 1868'.

ಉದ್ಘಾಟನೆಗೆ ಶಶಿಕಾಂತರನ್ನೇ ಕರೆದು ಕುರ್ಚಿ ಹಾಕಿ ಕೂಡಿಸಿದರು. ಕಥೆ ಹೇಳಿ ಎಂದರು. ಹೇಳಿದರು. ಯಾರೋ ಸಾರ್ಜೆಂಟನ ಹೆಸರು ಕೇಳಿದರು, ಬಾಯಿಗೆ ಹಾರ್ಪರ್ ಎಂದು ಬಂತು. ಆಮೇಲೆ ಶಾಲೆಗಳಿಂದ ಕರೆ, ರೋಟರಿಯವರಿಂದ ಕರೆ. ಒಂದು ಕಡೆ ಹಾರ್ಪರನಿಗೆ ಕೆಂಪು ಮೀಸೆ ಬಂತು, ಇನ್ನೊಂದು ಕಡೆ ಅವನ ಹೆಂಡತಿಗೆ ಹೆಸರು ಬಂತು. ಹೇಳಿದಷ್ಟೂ ಹಿಂದಕ್ಕೆ ಬರುವ ಬಾಗಿಲು ಬಿಗಿಯಾಗಿ ಮುಚ್ಚಿಕೊಂಡಿತು. ಈಗ ತಿದ್ದುಕೊಳ್ಳಬೇಕೆಂದರೆ ಬರೀ ಒಂದು ಸಾಲನ್ನಲ್ಲ, ತನ್ನನ್ನೇ ಅಳಿಸಿಕೊಳ್ಳಬೇಕಿತ್ತು.

ಬಳ್ಳಾರಿಗೆ ಹೋದರೂ ಕೌಲ್ ಬಜಾರಿನ ಕಡೆ ತಲೆ ಹಾಕುವುದನ್ನು ಬಿಟ್ಟರು. ಪ್ರಯೋಜನವಾಗಲಿಲ್ಲ, ಕೌಲ್ ಬಜಾರೇ ಸಿರುಗುಪ್ಪಕ್ಕೆ ಬಂತು. ಬಸ್ ಸ್ಟ್ಯಾಂಡಿನಲ್ಲಿ ಮುಂದೆ ನಿಂತ ಹುಡುಗನ ಸೊಂಟದಲ್ಲಿ 1868. ಬೋರ್ಡಿನ ಮೇಲೆ ಬರೆಯಲು ಎದ್ದು ಬಂದ ಶಿಷ್ಯನ ಸೊಂಟದಲ್ಲೂ 1868. ಇವರಿಗೆ ದೇವಲಾಲಿಯ ಸಿಪಾಯಿಗಳ ನೆನಪಾಗುತ್ತಿತ್ತು. ಅವರಿಗೆ ಹಡಗಾದರೂ ಎಂದಾದರೊಂದು ದಿನ ಬರುವುದಿತ್ತು, ತನಗೆ ಯಾವ ಹಡಗು ಬರಬೇಕು ಎಂದು ಒಬ್ಬರೇ ಕೂತು ಸಂಕಟಪಡುತ್ತಿದ್ದರು.

ಹೀಗೆ ಐದು ವರ್ಷ ಕಳೆದ ಮೇಲೆ, ಹೋದ ವರ್ಷ ಬುಧವಾರವೊಂದರ ಸಂಜೆ ರಶ್ಮಿಯ ಫೋನ್ ಬಂತು.

ರಶ್ಮಿ ಅವರ ಶಿಷ್ಯೆ. ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಮಷೀನು ನೋಡಿಕೊಳ್ಳುವವರ ಮಗಳು. ಹದಿನಾಲ್ಕನೇ ವಯಸ್ಸಿಗೆ ಆ ಮಹಡಿ ಹತ್ತಿ ಬಂದವಳು, ಈಗ ಬಳ್ಳಾರಿಯಲ್ಲಿ ಇಂಗ್ಲಿಷಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ದಂಡಿನ ಬಜಾರುಗಳಿಂದ ಇಂಗ್ಲಿಷಿಗೆ ಹೋದ ಮಾತುಗಳು ಎನ್ನುವ ವಿಷಯವನ್ನು ಸರ್ ಅಂಕಣ ಓದಿಯೇ ಹಿಡಿದಿದ್ದಳು.

"ಸರ್, ಸೋಮವಾರ ಹೈದರಾಬಾದಿನ ಸೆಮಿನಾರಿನ್ಯಾಗ ನನ್ನ ಪೇಪರ್ ಓದೋದೈತ್ರಿ. ನಮ್ಮ ನೈನ್ ಯಾರ್ಡ್ಸ್ ಮ್ಯಾಲೇ. ಡಿಕ್ಷನರಿ ಮಾಡೋ ದೊಡ್ಡ ವಿದ್ವಾಂಸರೊಬ್ಬರು ಬರ್ತಾರಂತ. ಅವರು ಮೇಲ್ ಮಾಡ್ಯಾರ್ರೀ ಸರ್! 1868ರ ಚೀಟಿ ಖರೆ ಇದ್ರ ಅಮೆರಿಕದ ದಾಖಲಿಕ್ಕಿಂತ ನಲವತ್ತು ವರ್ಷ ಹಳೇದು ಅಂತ. ಚೀಟಿ ಫೋಟೋ ತರ್ರಿ ಅಂದಾರ. ಚೀಟಿ ಎಲ್ಲಿ ನೋಡೀರಿ ಸರ್? ಯಾರ ಹತ್ರ ಐತ್ರಿ?"

ಎಲ್ಲಿ ಓದಿದೆ ಎಂದು ಅವಳಿಗೆ ಕೇಳಲು ಕಲಿಸಿದವರು ಸರ್ ಅವರೇ. ಐದು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲನೆಯವಳೂ ಅವಳೇ.

"ನೋಡಿ ಹೇಳ್ತೀನಮ್ಮ" ಎಂದರು.

"ಶನಿವಾರ ಪ್ರಭುಲಿಂಗಣ್ಣಾರ ಯೂನಿಟ್ಟಿಗೆ ಹೊಂಟೀನಿ ಸರ್. ಅವರ ಅವ್ವಾರಿಗೆ ಗೊತ್ತೈತಂತ. ನೀವೂ ಬರ್ರಿ. ಭಾನುವಾರ ಟ್ರೇನ್ ಹತ್ತಬೇಕು ನಾನು."

ಫೋನಿಟ್ಟ ಮೇಲೆ ಗಂಗೋತ್ರಿ ಮಷೀನಿನ ಮುಂದಿನಿಂದಲೇ ಹೇಳಿದಳು. "ಇಷ್ಟು ದಿನ ಪ್ಯಾಂಟಿನ ಮ್ಯಾಲೆ ಇತ್ತು, ಇರಲಿ ಅಂತ ನಾನೂ ಸುಮ್ಮನಿದ್ದೆ. ಈಗ ಹಂಗಲ್ರಿ. ಆ ಹುಡುಗಿ ನಾಕು ಮಂದಿ ದೊಡ್ಡವರ ಮುಂದ ನಿಂತು ನಿಮ್ಮ ಹೆಸರು ಹೇಳ್ತಾಳ. ಅವರು ಕೆದಕಿ ನೋಡಿದ್ರ ಸುಳ್ಳಿ ಅನ್ನಿಸ್ಕೊಳ್ಳಾಕಿ ಆಕಿ, ನೀವಲ್ಲ."

ಗುರುವಾರ ಮೂರು ಸಲ ನಂಬರ್ ಒತ್ತಿ ಕಟ್ ಮಾಡಿದರು. ಶುಕ್ರವಾರ ಉದ್ದನೆಯ ಮೆಸೇಜು ಬರೆದು ಅಳಿಸಿದರು. ಆ ಹುಡುಗಿಯ ಬದುಕಿಗೆ ಕಲ್ಲು ಹಾಕುತ್ತಿದ್ದೇನೆ ಎಂದು ಗೊತ್ತಿದ್ದೂ ನಾಲಿಗೆ ಹೊರಳಲಿಲ್ಲ. ತನ್ನ ಹೇಡಿತನ ಕಂಡು ಅವರಿಗೇ ಅಸಹ್ಯವಾಯಿತು. ಶನಿವಾರ ನೋಟ್‌ಬುಕ್ಕನ್ನು ಚೀಲದಲ್ಲಿ ಹಾಕಿಕೊಂಡು ಬಳ್ಳಾರಿಯ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಭತ್ತದ ಗದ್ದೆ ಹಸಿರಾಗಿತ್ತು, ಕಾಲುವೆ ತುಂಬಿ ಹರಿಯುತ್ತಿತ್ತು. ಅವರು ಮುಂದಿನ ಸೀಟಿನ ಕಂಬಿ ಹಿಡಿದು ಕೂತೇ ಇದ್ದರು. ಬಸ್ಸು ಕೆಟ್ಟು ನಿಲ್ಲಲಿ ಎಂದು ದೊಡ್ಡ ಮನುಷ್ಯ ಹರಕೆ ಹೊತ್ತದ್ದೂ ಉಂಟು. ಬಸ್ಸು ಅವತ್ತು ಎಂದಿಗಿಂತ ಹತ್ತು ನಿಮಿಷ ಮೊದಲೇ ಮುಟ್ಟಿತು.

ಕೌಲ್ ಬಜಾರಿನ ಆ ಸಂದಿಯಲ್ಲಿ ಆಟೋಗಳ ನಡುವೆ ಮೈ ಅಡ್ಡ ಮಾಡಿಕೊಂಡೇ ನಡೆಯಬೇಕು. ಯೂನಿಟ್ಟಿನಲ್ಲಿ ಇಪ್ಪತ್ತು ಮಷೀನುಗಳ ಸದ್ದು. ಒಳಕೋಣೆಯಲ್ಲಿ ಪ್ರಭುಲಿಂಗನ ತಾಯಿ ಅಕ್ಕನಾಗಮ್ಮ ಚಾಪೆಯ ಮೇಲೆ ಕೂತಿದ್ದರು. ಎಂಬತ್ತೆರಡು ವರ್ಷ. ಹಣೆಯ ತುಂಬ ವಿಭೂತಿ, ಮೈತುಂಬ ಕಚ್ಚೆ ಹಾಕಿ ಉಟ್ಟ ದೊಡ್ಡ ಇಳಕಲ್ ಸೀರೆ. ಎದುರಿಗೆ ರಶ್ಮಿ, ಅವಳ ಮೊಬೈಲು ರೆಕಾರ್ಡಿಗೆ ಸಿದ್ಧವಾಗಿತ್ತು. ಸರ್ ಕಂಡ ಕೂಡಲೆ ಎದ್ದು ಕಾಲು ಮುಟ್ಟಿ ನಮಸ್ಕರಿಸಿದಳು. ಪ್ರಭುಲಿಂಗ ಚಹಾ ತರಿಸಿದ.

"ಹೇಳ್ರಿ ಅವ್ವಾರ, ಆ ಚೀಟಿ ಬಗ್ಗೆ ನಿಮಗೇನು ಗೊತ್ತೈತಿ?"

"ಗೊತ್ತೈತೇನಂದ್ರ? ನೋಡೀನಿ!" ಎಂದರು ಅಕ್ಕನಾಗಮ್ಮ. "ನಾ ಸೊಸಿಯಾಗಿ ಬಂದಾಗ ನಮ್ಮ ಮಾವನೋರ ಕಟ್ಟಿಗಿ ಪೆಟ್ಟಿಗ್ಯಾಗ ಇತ್ತು. ಹಳದಿ ಕಾಗದ. ಹಾರಪರ ಅಂತ ಸಾಯೇಬ, ಕೆಂಪು ಮೀಸಿ. ಮಾವನೋರು ಹಬ್ಬಕ್ಕೊಮ್ಮಿ ತಗದು ತೋರಸ್ತಿದ್ರು."

ಶಶಿಕಾಂತ್ ಚಹಾ ಕಪ್ಪಿನಿಂದ ತಲೆಯೆತ್ತಿದರು. ಆ ಮೀಸೆ ಅವರು ಮೋಕಾದ ಒಂದು ಶಾಲೆಯಲ್ಲಿ ಹುಡುಗರು ಆಕಳಿಸುತ್ತಿದ್ದಾರೆಂದು ಅವಸರಕ್ಕೆ ಅಂಟಿಸಿದ್ದು. ಮುದುಕಿ ಸುಳ್ಳು ಹೇಳುತ್ತಿರಲಿಲ್ಲ. ಐದು ವರ್ಷ ಮಗ ಗಿರಾಕಿಗಳ ಮುಂದೆ ಹೇಳಿದ್ದನ್ನು ಕೇಳಿ ಕೇಳಿ ಅವರ ಕಣ್ಣಿಗೆ ಕಾಗದವೇ ಕಂಡಿತ್ತು.

"ಈಗ ಎಲ್ಲೈತ್ರಿ ಅದು?" ರಶ್ಮಿ ಮುಂದೆ ಬಾಗಿದಳು.

"ಎಲ್ಲೈತವ್ವಾ? ಇಲಿ ತಿಂದು ಹೋತು. ಪೆಟ್ಟಿಗಿ ಸೈತ ಹೋತು."

ಒಂದು ಕ್ಷಣ ಸರ್‌ಗೆ ಜೀವ ಬಂದಂತಾಯಿತು. ಚೀಟಿ ಇತ್ತು, ಇಲಿ ತಿಂದಿತು. ಕಂಡವರು ಕಣ್ಣ ಮುಂದೆ ಕೂತಿದ್ದಾರೆ. ಇನ್ನು ಯಾರು ಏನು ಕೆದಕಿದರೂ ಅವರ ಹೆಸರಿಗೆ ಮಸಿ ಹತ್ತುವುದಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಆ ಸಮಾಧಾನ ಎಷ್ಟು ಹಿತವಾಗಿತ್ತೆಂದರೆ ಅವರಿಗೆ ತನ್ನ ಬಗ್ಗೆಯೇ ಭಯವಾಯಿತು.

ಅಷ್ಟರಲ್ಲಿ ರಶ್ಮಿ ಚೀಲದಿಂದ ತನ್ನ ನೋಟ್‌ಬುಕ್ ತೆಗೆದಳು. ಉದ್ದನೆಯ ಗಟ್ಟಿ ರಟ್ಟಿನದು. ಸ್ಕೇಲಿಟ್ಟು ಗೀಚಿದ ನಾಲ್ಕು ಕಾಲಂ. ನಾಲ್ಕನೆಯದರಲ್ಲಿ ದುಂಡಗೆ ಬರೆಯತೊಡಗಿದಳು: ಅಕ್ಕನಾಗಮ್ಮ, ವಯಸ್ಸು 82, ಕಣ್ಣಾರೆ ಕಂಡದ್ದು.

ಅದೊಂದನ್ನು ಅವರಿಂದ ನೋಡಲಾಗಲಿಲ್ಲ.

"ಅವ್ವಾ" ಎಂದರು ಸರ್, ಚಹಾ ಕೆಳಗಿಟ್ಟು. "ನೀವು ಉಟ್ಟಿದ್ದು ಎಷ್ಟರ ಸೀರಿ?"

"ಇದಾ? ಹದಿನೆಂಟು ಮೊಳದ್ದು, ಒಂಬತ್ತು ಗಜ. ನಾವು ಆರು ಗಜದ ಚೋಟು ಸೀರಿ ಉಡೋರಲ್ಲಪ್ಪ."

"ನಿಮ್ಮ ಮಾವನೋರ ಅಂಗಡ್ಯಾಗ ಯಾರಾದ್ರೂ ಬಂದು ಕೇಳಿದ್ರ, ಹದಿನಾರು ಮೊಳಕ್ಕ ಕತ್ತರಿಸಿ ಕೊಡ್ತಿದ್ರೇನು?"

ಅಕ್ಕನಾಗಮ್ಮ ಬೊಚ್ಚು ಬಾಯಿ ತೆರೆದು ನಕ್ಕರು. "ಎಂಥಾ ಮಾಸ್ತರಪ್ಪಾ ನೀ! ಸೀರೀಗೆ ಕತ್ತರಿ ಹಾಕ್ತಾರೇನು? ನೇದ ಸೀರಿ ಅದು, ಸೆರಗು ಇರ್ತೈತಿ. ಕತ್ತರಿಸಿದ ಸೀರಿ ಮುತ್ತೈದಿ ಮುಟ್ಟಂಗಿಲ್ಲ. ನಮ್ಮ ಮಾವನೋರು ಸೀರಿ ಅಂಗಡ್ಯಾಗ ಕತ್ತರೀನ ಇಟ್ಟಿರಲಿಲ್ಲ. ಅಪಶಕುನ ಅಂತಿದ್ರು."

ಹೇಳಿ ಮುಗಿಸಿದವರ ನಗು ಸಣ್ಣಗೆ ನಿಂತಿತು. ತಾನು ಹೇಳಿದ್ದು ತನಗೇ ಕೇಳಿಸಿತ್ತು. ರಶ್ಮಿಯ ಪೆನ್ನೂ ನಿಂತಿತು.

"ಹಂಗಾದ್ರ ಎಂಟು ಗಜ ಕತ್ತರಿಸಿ ಕಳಿಸಿದ್ದು..." ಎಂದಳು.

"ಯಾರೂ ಕಳಿಸಿಲ್ಲಮ್ಮ. ಸಾರ್ಜೆಂಟನೂ ಇಲ್ಲ, ಚೀಟಿನೂ ಇಲ್ಲ. ನಾನು ಗುರುವಾರ ಮಧ್ಯಾಹ್ನ ಕೂತು ಕಟ್ಟಿದ್ದು."

ಪ್ರಭುಲಿಂಗ ನಗಲು ನೋಡಿದ. "ಸರ್ ತಮಾಷಿ ಮಾಡ್ತಾರವ್ವ, ದೊಡ್ಡವರು ಹಿಂಗ..." ಶಶಿಕಾಂತ್ ಚೀಲದಿಂದ ತಮ್ಮ ನೋಟ್‌ಬುಕ್ ತೆಗೆದು ಆ ಪುಟ ಬಿಚ್ಚಿ ರಶ್ಮಿಯ ಮುಂದಿಟ್ಟರು. ಮೇಲೂ ಕೆಳಗೂ ತುಂಬಿದ ಸಾಲುಗಳು. ನಡುವೆ ಒಂದೇ ಒಂದು ಖಾಲಿ ಮನೆ.

ಅವಳು ಆ ಖಾಲಿ ಮನೆಯ ಮೇಲೆ ಬೆರಳಿಟ್ಟಳು. ಹೊರಗೆ ಮಷೀನುಗಳು ಲೇಬಲ್ಲು ಹೊಲಿಯುತ್ತಿದ್ದವು.

"ಐದು ವರ್ಷ ಗೊತ್ತಿತ್ತಾ ಸರ್?"

"ಅಚ್ಚಾದ ದಿನಾನೇ ಗೊತ್ತಿತ್ತು. ನಮ್ಮನಿಯಾಕಿ ಹೇಳಿದ್ಲು."

"ಬುಧವಾರ ಕೇಳಿದ್ನಲ್ರಿ ನಾನು. ಅವತ್ತ ಹೇಳಬೇಕಿತ್ತು. ಸೋಮವಾರದ ಸೆಮಿನಾರಿನ ಪುಸ್ತಕದಾಗ ನನ್ನ ಪೇಪರಿನ ಹೆಸರು ಅಚ್ಚಾಗೇತ್ರಿ ಸರ್." ಅಳಲಿಲ್ಲ. ಅತ್ತಿದ್ದರೆ ಅವರಿಗೆ ಸುಲಭವಾಗುತ್ತಿತ್ತು. "ನಾನು ಅಲ್ಲಿ ನಿಂತು ಏನು ಓದಲಿ?"

ಶಶಿಕಾಂತ್ ಎದ್ದು, ಚಿದಾನಂದಪ್ಪ ಮಾಸ್ತರರ ಕ್ಲಾಸಿನಲ್ಲಿ ನಿಂತಂತೆ ನಿಂತರು. ರಶ್ಮಿ ಮೊಬೈಲು ಆಫ್ ಮಾಡಿದಳು. ಅವರ ನೋಟ್‌ಬುಕ್ಕನ್ನು ಮುಚ್ಚಿ ಕೈಗೆ ತೆಗೆದುಕೊಂಡಳು.

"ಉಳಿದದ್ದು ನಾನೂರ ಹನ್ನೊಂದು ಅದಾವಲ್ರಿ. ಅವೆಲ್ಲ ನಾವು ನಂಬಿ ಕಲಿತದ್ದು. ಅವುಗಳದ್ದೇನು? ಇದು ನನ್ನ ಹತ್ರ ಇರಲಿ. ಒಂದೊಂದೂ ನೋಡ್ತೀನಿ."

ಹೋಗುವಾಗ ಕಾಲು ಮುಟ್ಟಲಿಲ್ಲ.

ಪ್ರಭುಲಿಂಗ ಬಾಗಿಲತನಕ ಬಂದು ಸಣ್ಣ ದನಿಯಲ್ಲಿ ಹೇಳಿದ. "ಆತು, ಏನೋ ಆತು. ಹೊರಗ ಮಾತ್ರ ಹೇಳಬ್ಯಾಡ್ರಿ ಸರ್. ಇಪ್ಪತ್ತು ಮಂದಿ ಹೊಟ್ಟಿ ಈ ಹೆಸರಿನ ಮ್ಯಾಲೆ ನಡದೈತಿ. ನೀವು ಹೇಳಿದ್ರೂ ಯಾರೂ ಕೇಳಂಗಿಲ್ಲ, ಬಿಡ್ರಿ." ಒಳಗಿನಿಂದ ಅಕ್ಕನಾಗಮ್ಮನ ಗೊಣಗಾಟ ಕೇಳುತ್ತಿತ್ತು. "ಹಳದಿ ಕಾಗದ ಅಂತೂ ಇತ್ತಲೇ. ನಾ ನೋಡೀನಿ."

ಪ್ರಭುಲಿಂಗ ಹೇಳಿದ್ದೇ ನಿಜವಾಯಿತು. ಸರ್ ತಿದ್ದುಪಡಿ ಬರೆದುಕೊಟ್ಟರು. ಶೇಖರ್ ಬೇಡವೆಂದು ಒಂದು ವಾರ ಎಳೆದ. ಕೊನೆಗೆ ಹಟ ತಾಳಲಾರದೆ ಅಂಕಣದ ಕೆಳಗೆ ನಾಲ್ಕು ಸಾಲು ಹಾಕಿದ. ಕಥೆಗೆ ಬಂದಷ್ಟು ಫೋನು ಅದಕ್ಕೆ ಬರಲಿಲ್ಲ. ಬಂದದ್ದು ಒಂದೇ. ನಿವೃತ್ತ ತಹಶೀಲ್ದಾರರು ಮಾಡಿದ್ದರು. "ಏನ್ರೀ ಸರ್, ಯಾರರ ಹೆದರಿಸ್ಯಾರೇನು? ಹೊರಗಿನವರಿಗೆ ನಮ್ಮ ಬಳ್ಳಾರಿ ಹೆಸರು ಬಂದ್ರ ಹೊಟ್ಟಿ ಉರಿ. ನೀವು ಬಗ್ಗಬ್ಯಾಡ್ರಿ, ನಾವದೀವಿ" ಎಂದರು. ಬಸ್ ಸ್ಟ್ಯಾಂಡಿನಲ್ಲಿ 1868 ಓಡಾಡುತ್ತಲೇ ಇತ್ತು. ಸುಳ್ಳನ್ನು ಕಟ್ಟಿದವರೇ ಬಿಚ್ಚಲು ಹೋದರೂ ಅದು ಬಿಚ್ಚಿಕೊಳ್ಳಲಿಲ್ಲ.

ಹೈದರಾಬಾದಿನ ಸುದ್ದಿ ತಿಳಿದದ್ದು ರಶ್ಮಿಯ ತಂದೆಯಿಂದ. ಮಿಲ್ಲಿನ ಗೇಟಿನಲ್ಲಿ ಸಿಕ್ಕಾಗ ಅವರು ಹೇಳಿದರು. ಆಧಾರ ಸಿಗಲಿಲ್ಲ, ಆದ್ದರಿಂದ ಪೇಪರನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ ಎಂದು ಎರಡು ನಿಮಿಷದಲ್ಲಿ ಹೇಳಿ ಕೂತುಬಿಟ್ಟಳಂತೆ. ಯಾರೋ ನಕ್ಕರಂತೆ. ಅವಳ ಗೈಡು ತಿಂಗಳ ಕಾಲ ಮಾತಾಡಿಸಲಿಲ್ಲವಂತೆ. "ಯಾರು ತಪ್ಪು ಆಧಾರ ಕೊಟ್ರವ್ವಾ ಅಂತ ಕೇಳಿದ್ರ ಬಾಯೇ ಬಿಡವಲ್ಲಳು ನೋಡ್ರಿ ಸರ್" ಎಂದು ಆ ತಂದೆ ಬೇಸರಪಟ್ಟುಕೊಂಡರು. ಶಶಿಕಾಂತ್ ಅವರ ಮುಖ ನೋಡದೆ ನಾನೇ ಕೊಟ್ಟದ್ದು ಎಂದರು. ಅವರು ತಿರುಗಿ ಮಿಲ್ಲಿನೊಳಕ್ಕೆ ಹೋದರು.

ನೋಟ್‌ಬುಕ್ ಇಲ್ಲದ ಮೇಜು ಬೋಳಾಗಿ ಕಾಣುತ್ತಿತ್ತು. ಹುಡುಗರು ಹೊಸ ಮಾತು ಕೇಳಿದರೆ ಸರ್ ಈಗ ಗೊತ್ತಿಲ್ಲ ಎನ್ನುತ್ತಿದ್ದರು. ಮೊದಮೊದಲು ಹುಡುಗರು ಅದನ್ನು ತಮಾಷೆಯೆಂದುಕೊಂಡರು. ಆಮೇಲೆ ಇಬ್ಬರು ಕ್ಲಾಸು ಬಿಟ್ಟರು.

ಎರಡು ತಿಂಗಳ ಮೇಲೆ ಒಂದು ಸಂಜೆ ಬಳ್ಳಾರಿ ಬಸ್ಸಿನ ಕಂಡಕ್ಟರ್ ಮಹಡಿ ಹತ್ತಿ ಬಂದು ಪೇಪರು ಸುತ್ತಿದ ಕಟ್ಟೊಂದನ್ನು ಕೊಟ್ಟುಹೋದ. ಬಿಚ್ಚಿದರೆ ನೋಟ್‌ಬುಕ್. ಮೊದಲ ಪುಟದಿಂದ ಹೆಚ್ಚುಕಡಿಮೆ ಎಲ್ಲ ಸಾಲಿನ ಮುಂದೆಯೂ ಹಸಿರು ಶಾಯಿಯ ರೈಟು. ಹನ್ನೊಂದು ಕಡೆ ಮಾತ್ರ ಪ್ರಶ್ನಾರ್ಥಕ, ಪಕ್ಕದಲ್ಲಿ ಸರಿಯಾದ ಪುಸ್ತಕದ ಹೆಸರು, ಪುಟ. ಚೀಟಿ ಇರಲಿಲ್ಲ, ನಮಸ್ಕಾರವೂ ಇರಲಿಲ್ಲ. ಅವರು ಆ ಪುಟ ಬರುವತನಕ ಒಂದೊಂದೇ ಹಾಳೆ ತಿರುವಿದರು. ಖಾಲಿ ಮನೆ ತುಂಬಿತ್ತು. ಅದೇ ದುಂಡಗಿನ ಅಕ್ಷರ:

'ಶಶಿಕಾಂತ್ ಸರ್, ಸಿರುಗುಪ್ಪ. ಕಟ್ಟಿದವರು ಇವರೇ. ಇವರ ಬಾಯಿಂದಲೇ ಕೇಳಿದ್ದು.'

ಓದಿ ಎದ್ದರು. ಕ್ಲಾಸಿಗೆ ಒಂಬತ್ತು ಜನ ಬಂದಿದ್ದರು. ಅವರಲ್ಲೊಬ್ಬ 1868ರ ಪ್ಯಾಂಟು ಹಾಕಿದ್ದ. ಸರ್ ಬೋರ್ಡು ಒರೆಸಿ, ಸ್ಕೇಲಿಟ್ಟು ನಾಲ್ಕು ಕಾಲಂ ಗೀಚಿ, ಆ ಸಾಲನ್ನು ಇದ್ದ ಹಾಗೆಯೇ ಬರೆದರು. ತಮ್ಮ ಹೆಸರು ಬರೆಯುವಾಗ ಸೀಮೆಸುಣ್ಣದ ಕಡ್ಡಿ ಮುರಿಯಿತು. ಉಳಿದ ತುಂಡಿನಲ್ಲಿ ಪೂರ್ತಿ ಮಾಡಿದರು. ಆಮೇಲೆ ಕುರ್ಚಿಯಲ್ಲಿ ಕೂರದೆ, ಯಾರಾದರೂ ಕೇಳಲಿ ಎಂದು ಪೀರಿಯಡ್ ಮುಗಿಯುವತನಕ ಬೋರ್ಡಿನ ಪಕ್ಕದಲ್ಲಿ ನಿಂತೇ ಇದ್ದರು.